ಮಂಡಿ ಶಸ್ತ್ರಚಿಕಿತ್ಸೆಯ ನಂತರ ತಾಯಿಯವರ ವ್ಯಾಯಾಮವನ್ನು ದೂರದಿಂದ ಗಮನಿಸುವುದು ಹೇಗೆ?

ಪ್ರಶ್ನೆ: ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರಿಗೆ 68 ವರ್ಷ. ಕಳೆದ ತಿಂಗಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಅವರ ಬಲ ಮಂಡಿಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆಯಿತು. ಗಾಯ ಚೆನ್ನಾಗಿ ಮಾಗಿದೆ, ಹೊಲಿಗೆ ತೆಗೆದಿದ್ದಾರೆ, ವಾಕರ್ ಹಿಡಿದುಕೊಂಡು ಮನೆಯೊಳಗೆ ಓಡಾಡುತ್ತಿದ್ದಾರೆ. ನಮ್ಮ ಊರು ಸಾಗರದಿಂದ ಒಳಗಿನ ಹಳ್ಳಿ. ಸಾಗರದಿಂದ ಶಿವಮೊಗ್ಗಕ್ಕೇ ಸುಮಾರು 70 ಕಿಲೋಮೀಟರ್ ದೂರವಿರುವುದರಿಂದ, ಈ ಮಳೆಯಲ್ಲಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಕರೆದೊಯ್ಯುವುದು ಆಗದ ಮಾತು. ಸಾಗರದಿಂದ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಾರೆ. ಉಳಿದ ದಿನಗಳಲ್ಲಿ ಆಸ್ಪತ್ರೆಯವರು ಕೊಟ್ಟ ಚಿತ್ರಗಳ ಹಾಳೆಯೇ ಆಧಾರ. ಮನೆಯಲ್ಲಿ ಇರುವವರು 74 ವರ್ಷದ ನನ್ನ ತಂದೆ ಮಾತ್ರ, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ.

ಫೋನ್ ಮಾಡಿ ಕೇಳಿದಾಗಲೆಲ್ಲ ಅಮ್ಮ "ಎಲ್ಲ ಮಾಡಿದ್ದೇನೆ, ನೀನು ಸುಮ್ಮನೆ ಯೋಚನೆ ಮಾಡಬೇಡ" ಎನ್ನುತ್ತಾರೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಮಾಡಿ ತೋರಿಸಲು ಹೇಳಿದೆ. ಅಪ್ಪ ಫೋನನ್ನು ಸ್ಟೂಲಿನ ಮೇಲೆ ಚೊಂಬಿಗೆ ಒರಗಿಸಿ ಇಟ್ಟರು. ಅಮ್ಮ ಮಂಚದ ಮೇಲೆ ಕಾಲು ನೀಡಿ ಕುಳಿತು, ಜಾರಲು ಅನುಕೂಲವಾಗಲೆಂದು ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಪಾದವನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. ಮಂಡಿ ಮಡಿಸುತ್ತಿರುವಂತೆ ಕಾಣಿಸಿತು. ಆದರೆ ಅದರ ಜೊತೆಗೇ ಬಲಗಡೆಯ ಸೊಂಟವೂ ಮೇಲಕ್ಕೆ ಏಳುತ್ತಿತ್ತು. ಮಂಡಿ ನಿಜವಾಗಿ ಎಷ್ಟು ಮಡಿಸಿತು, ಸೊಂಟ ಎಷ್ಟು ಸಹಾಯ ಮಾಡಿತು ಎಂಬುದನ್ನು ನನ್ನಿಂದ ಹೇಳಲಾಗಲಿಲ್ಲ.

ಆಮೇಲೆ ಅಂತರ್ಜಾಲದಲ್ಲಿ ಹುಡುಕಿದಾಗ, ತೊಡೆಗೂ ಕಣಕಾಲಿಗೂ ಪಟ್ಟಿಯಂತೆ ಕಟ್ಟಿಕೊಳ್ಳುವ ಸೆನ್ಸರ್‌ಗಳು, ಫೋನಿನ ಕ್ಯಾಮೆರಾದಲ್ಲಿಯೇ ಮಂಡಿಯ ಕೋನವನ್ನು ಅಳೆದು ಎಷ್ಟು ಸಲ ಮಾಡಿದರೆಂದು ಎಣಿಸುವ ಆ್ಯಪ್‌ಗಳು, ಫಿಸಿಯೋಥೆರಪಿಸ್ಟರೊಂದಿಗೆ ನೇರ ವಿಡಿಯೊ ಕಾಲ್, ಹೀಗೆ ಹಲವು ದಾರಿಗಳು ಕಂಡವು. ಇವುಗಳಲ್ಲಿ ಯಾವುದನ್ನು ನಂಬಬಹುದು? ದೂರದಲ್ಲಿರುವ ನಾನು ನಿಜವಾಗಿ ಗಮನಿಸಬೇಕಾದದ್ದು ಯಾವುದನ್ನು? ಮನೆಯಲ್ಲಿ ಇಂಟರ್ನೆಟ್ ಇದೆ, ಆದರೆ ಕರೆಂಟ್ ಹೋದರೆ ಅದೂ ಇಲ್ಲ. ಇನ್ನೊಂದು ಮಾತು: ಕ್ಯಾಮೆರಾ ಎಂದರೆ ಅಮ್ಮನಿಗೆ ಮುಜುಗರ. ಅವರನ್ನು ಕಾವಲಿಗೆ ಒಳಪಡಿಸಿದಂತೆ ಆಗಬಾರದು ಎಂಬುದು ನನ್ನ ಆಸೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಫಿಸಿಯೋಥೆರಪಿಸ್ಟ್, ಮೈಸೂರು

ನಮಸ್ಕಾರ. ಸೊಂಟ ಮೇಲೇಳುವುದನ್ನು ನೀವು ಗಮನಿಸಿದ್ದು ಬಹಳ ಮುಖ್ಯವಾದ ಸಂಗತಿ, ಏಕೆಂದರೆ ಎಷ್ಟೋ ಉಪಕರಣಗಳಿಗೆ ಅದು ಕಾಣುವುದೇ ಇಲ್ಲ. ಮಂಡಿ ಬಿಗಿಯಾಗಿದ್ದಾಗ ಅಥವಾ ನೋವಿನ ಭಯವಿದ್ದಾಗ ದೇಹವು ಪಕ್ಕದ ಕೀಲಿನಿಂದ ಆ ಚಲನೆಯನ್ನು ಸಾಲ ಪಡೆಯುತ್ತದೆ. ಎಣಿಕೆ ಮಾತ್ರ ಮಾಡುವ ಆ್ಯಪ್ ಅದನ್ನೂ ಒಂದು ಸಲ ಎಂದು ಲೆಕ್ಕ ಹಾಕಿಬಿಡುತ್ತದೆ.

ಮೊದಲು ಏನನ್ನು ನೋಡಬೇಕು ಎಂಬುದನ್ನು ಹೇಳುತ್ತೇನೆ. ಎಲ್ಲರೂ ಮಂಡಿ ಎಷ್ಟು ಮಡಿಸುತ್ತದೆ ಎಂದಷ್ಟೇ ಕೇಳುತ್ತಾರೆ, ಪೂರ್ತಿ ನೇರವಾಗುತ್ತದೆಯೇ ಎಂದು ಕೇಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಕಾಳಜಿಯ ವಿಷಯ. ಮಂಡಿ ಕೆಲವು ಡಿಗ್ರಿಗಳಷ್ಟು ಬಾಗಿಯೇ ಉಳಿದುಬಿಟ್ಟರೆ ನಡೆಯುವಾಗ ಕುಂಟು ಬರುತ್ತದೆ, ತೊಡೆಯ ಮುಂಭಾಗದ ಸ್ನಾಯು ನಿಂತಾಗಲೂ ದುಡಿಯುತ್ತಲೇ ಇರಬೇಕಾಗುತ್ತದೆ, ಬೇಗ ದಣಿವಾಗುತ್ತದೆ. ಇದನ್ನು ನೋಡಲು ಸೆನ್ಸರ್ ಬೇಕಿಲ್ಲ. ಗಟ್ಟಿಯಾದ ಮಂಚದ ಮೇಲೆ ಕಾಲು ನೀಡಿ ಮಲಗಿಸಿ, ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ಅಂಗೈ ತೂರುತ್ತದೆಯೇ ಎಂದು ನಿಮ್ಮ ತಂದೆಯವರು ನೋಡಲಿ. ತಾಯಿಯವರು ತೊಡೆಯನ್ನು ಬಿಗಿಹಿಡಿದು ಮಂಡಿಯನ್ನು ಕೆಳಕ್ಕೆ ಒತ್ತಿದಾಗ ಆ ಕೈಯ ಮೇಲೆ ಒತ್ತಡ ಬೀಳಬೇಕು. ದಿಂಬನ್ನು ಮಂಡಿಯ ಕೆಳಗೆ ಇಟ್ಟುಕೊಂಡು ಮಲಗುವ ಅಭ್ಯಾಸವಿದ್ದರೆ ಅದನ್ನು ಬಿಡಿಸಿ. ಹಾಯೆನಿಸುವುದು ನಿಜ, ಆದರೆ ಮಂಡಿ ಬಾಗಿದ ಸ್ಥಿತಿಯಲ್ಲಿಯೇ ಕೂತುಬಿಡಲು ಅದು ದೊಡ್ಡ ಕಾರಣ.

ಮಡಿಸುವ ವಿಷಯದಲ್ಲಿ, ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 60ರಿಂದ 70 ಡಿಗ್ರಿ ಸಾಕಾಗುತ್ತದೆ. ಮೆಟ್ಟಿಲಿಗೆ 80ರಿಂದ 100, ಕುರ್ಚಿಯಿಂದ ಸಲೀಸಾಗಿ ಏಳಲು 90ಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಉಪಕರಣ) ಇಟ್ಟು ಅಳೆದು ಬರೆದಿಟ್ಟರೆ ಅದೇ ನಿಮಗೆ ಅತ್ಯಂತ ನಂಬಿಕೆಯ ಅಂಕಿ. ನಡುವಿನ ದಿನಗಳಲ್ಲಿ ಬೇಕಾಗಿರುವುದು ಒಂದೊಂದು ಡಿಗ್ರಿಯ ಲೆಕ್ಕವಲ್ಲ, ವಾರದಿಂದ ವಾರಕ್ಕೆ ಮುಂದೆ ಹೋಗುತ್ತಿದೆಯೇ ಅಥವಾ ನಿಂತಲ್ಲೇ ನಿಂತಿದೆಯೇ ಎಂಬ ಸೂಚನೆ.

ದೂರದಿಂದ ಮಾಡಿಸುವ ಫಿಸಿಯೋಥೆರಪಿ ಫಲ ಕೊಡುತ್ತದೆಯೇ ಎಂಬ ಸಂದೇಹ ನಿಮಗಿದ್ದರೆ, ಮಂಡಿ ಬದಲಾವಣೆಯ ಮಟ್ಟಿಗೆ ಒಳ್ಳೆಯ ಆಧಾರಗಳಿವೆ. ಕೆನಡಾದ ಕ್ವಿಬೆಕ್‌ನಲ್ಲಿ 205 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವು, ವಿಡಿಯೊ ಮೂಲಕ ಮಾಡಿಸಿದವರ ಚೇತರಿಕೆಯು ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಮಾಡಿಸಿದವರ ಚೇತರಿಕೆಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 306 ರೋಗಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಆಯಾಮದಲ್ಲಿ ಚಲನೆಯನ್ನು ಗುರುತಿಸುವ ಕ್ಯಾಮೆರಾವನ್ನು ಮನೆಯಲ್ಲಿ ಇರಿಸಿ ಪರದೆಯ ಮೇಲಿನ ಬೊಂಬೆಯೊಂದು ವ್ಯಾಯಾಮ ಮಾಡಿಸುತ್ತಿತ್ತು. ಅಲ್ಲಿ ಖರ್ಚು ಕಡಿಮೆಯಾಯಿತು, 12 ವಾರಗಳ ಹೊತ್ತಿಗೆ ಮಂಡಿಯ ಸ್ಥಿತಿ ಸಾಮಾನ್ಯ ರೀತಿಯ ಫಿಸಿಯೋಥೆರಪಿ ಪಡೆದವರಿಗಿಂತ ಕಡಿಮೆಯೇನಿರಲಿಲ್ಲ. ಆದರೆ ಈ ಫಲಿತಾಂಶಗಳನ್ನು ಜಾಹೀರಾತಿನಲ್ಲಿ ಬಳಸುವವರು ಒಂದು ಅಂಶವನ್ನು ಮರೆಮಾಚುತ್ತಾರೆ. ಎರಡೂ ಅಧ್ಯಯನಗಳಲ್ಲಿ ಪರದೆಯ ಹಿಂದೆ ಫಿಸಿಯೋಥೆರಪಿಸ್ಟ್ ಇದ್ದರು. ಬೊಂಬೆ ಮಾಡಿಸಿದ ವ್ಯಾಯಾಮದ ದಾಖಲೆಯನ್ನೂ ಅವರು ನೋಡುತ್ತಿದ್ದರು, ವಿಡಿಯೊದಲ್ಲಿ ರೋಗಿಯೊಂದಿಗೆ ಮಾತನಾಡಿ ವ್ಯಾಯಾಮವನ್ನು ಬದಲಿಸುತ್ತಿದ್ದರು. ಆದ್ದರಿಂದ ಯಾವ ಸೇವೆಯನ್ನು ಕೊಳ್ಳುವ ಮೊದಲೂ ಕೇಳಬೇಕಾದ ಪ್ರಶ್ನೆ ಇದು: ಈ ಅಂಕಿಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ? "ಕೋಚ್" ಎಂದಷ್ಟೇ ಹೇಳಿದರೆ ಅವರ ವಿದ್ಯಾರ್ಹತೆಯನ್ನು ವಿಚಾರಿಸಿ.

ಅಳತೆಗಿಂತ ಮುಖ್ಯವಾದ ಕೆಲವು ಲಕ್ಷಣಗಳು ಯಾವ ಆ್ಯಪ್‌ಗೂ ಕಾಣುವುದಿಲ್ಲ. ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಊತ, ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಮಂಡಿ ಕೆಂಪಾಗಿ ಬಿಸಿಯಾಗುತ್ತಲೇ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ಅಂದೇ ಶಸ್ತ್ರಚಿಕಿತ್ಸಕರನ್ನು ಸಂಪರ್ಕಿಸಬೇಕು. ಹಠಾತ್ ಎದೆನೋವು ಅಥವಾ ಉಸಿರುಗಟ್ಟಿದಂತಾದರೆ ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಈ ವಾಕ್ಯಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಲು ತಂದೆಯವರಿಗೆ ಹೇಳಿ.

ಉತ್ತರ 2: ತಂತ್ರಾಂಶ ಎಂಜಿನಿಯರ್, ಮಂಗಳೂರು

ಚಲನೆಯನ್ನು ಗುರುತಿಸುವ ತಂತ್ರಾಂಶಗಳ ಮೇಲೆ ಕೆಲಸ ಮಾಡುವವನಾಗಿ ಉಪಕರಣಗಳ ಬಗ್ಗೆ ಮಾತ್ರ ಬರೆಯುತ್ತೇನೆ. ವೈದ್ಯಕೀಯ ವಿಷಯದಲ್ಲಿ ಮೇಲಿನವರ ಮಾತೇ ಅಂತಿಮ.

ಫೋನಿನ ಕ್ಯಾಮೆರಾ ಆ್ಯಪ್‌ಗಳು ಮಾಡುವುದು ಇಷ್ಟು: ಚಿತ್ರದಲ್ಲಿ ಭುಜ, ಸೊಂಟ, ಮಂಡಿ, ಹರಡು (ಪಾದದ ಗಂಟು) ಮುಂತಾದ ಬಿಂದುಗಳನ್ನು ಊಹಿಸಿ, ಸೊಂಟದಿಂದ ಮಂಡಿಗೆ ಮತ್ತು ಮಂಡಿಯಿಂದ ಹರಡಿಗೆ ಎಳೆದ ಗೆರೆಗಳ ನಡುವಿನ ಕೋನವನ್ನು ಲೆಕ್ಕ ಹಾಕುವುದು. ಗೂಗಲ್‌ನ ಮೀಡಿಯಾಪೈಪ್ ಎಂಬ ತಂತ್ರಾಂಶ ಈ ರೀತಿ 33 ಬಿಂದುಗಳನ್ನು ಗುರುತಿಸುತ್ತದೆ, ಸಾಧಾರಣ ಫೋನಿನಲ್ಲಿಯೂ ಓಡುತ್ತದೆ. ಇದರ ದೌರ್ಬಲ್ಯವೆಂದರೆ ಒಂದೇ ಕ್ಯಾಮೆರಾಕ್ಕೆ ಆಳ ಸರಿಯಾಗಿ ತಿಳಿಯುವುದಿಲ್ಲ. ಕಾಲು ಕ್ಯಾಮೆರಾಕ್ಕೆ ಸರಿಯಾಗಿ ಅಡ್ಡಲಾಗಿ ಇದ್ದರೆ ಕೋನ ನಂಬುವಂತಿರುತ್ತದೆ. ಕಾಲು ಓರೆಯಾದಷ್ಟೂ ಅದು ತಪ್ಪುತ್ತ ಹೋಗುತ್ತದೆ. ನೀವು ವಿವರಿಸಿದಂತೆ ಸ್ಟೂಲಿನ ಮೇಲೆ ಚೊಂಬಿಗೆ ಒರಗಿಸಿದ ಫೋನು ಮೇಲ್ಮುಖವಾಗಿ ಓರೆಯಾಗಿರುವ ಸಾಧ್ಯತೆ ಹೆಚ್ಚು. ಫೋನನ್ನು ಮಂಚದ ಎತ್ತರದಲ್ಲಿ, ಶಸ್ತ್ರಚಿಕಿತ್ಸೆಯಾದ ಕಾಲಿನ ಪಕ್ಕದಿಂದ, ಎರಡು ಮೂರು ಮೀಟರ್ ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಟೂಲು ಇಡುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪ್ರತಿ ಸಲವೂ ಅದೇ ಜಾಗದಿಂದ ತೆಗೆದ ವಿಡಿಯೊಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು. ಕಿಟಕಿ ತಾಯಿಯವರ ಬೆನ್ನ ಹಿಂದೆ ಇರಬಾರದು, ಬೆಳಕು ಅವರ ಮೇಲೆ ಬೀಳುವಂತಿರಬೇಕು.

ಸೀರೆ ಅಥವಾ ನೈಟಿಯ ನೆರಿಗೆಗಳ ಹಿಂದೆ ಮಂಡಿ ಎಲ್ಲಿದೆ ಎಂಬುದು ಈ ತಂತ್ರಾಂಶಗಳಿಗೆ ಗೊತ್ತಾಗುವುದಿಲ್ಲ, ಬಟ್ಟೆಯ ಅಂಚನ್ನೇ ಮಂಡಿ ಎಂದು ಭಾವಿಸಿಬಿಡುತ್ತವೆ. ಕಾಲಿಗೆ ಸ್ವಲ್ಪ ಹತ್ತಿಕೊಂಡಿರುವ ಪೈಜಾಮ ಹಾಕಿಕೊಳ್ಳಲು ತಾಯಿಯವರು ಒಪ್ಪಿದರೆ ಅಳತೆಯೂ ಸುಧಾರಿಸುತ್ತದೆ, ಕಾಲು ತೋರಿಸಬೇಕಾದ ಮುಜುಗರವೂ ತಪ್ಪುತ್ತದೆ. ತಂದೆಯವರು ಪಕ್ಕದಲ್ಲಿ ನಿಂತು ಸಹಾಯ ಮಾಡುತ್ತಿದ್ದರೆ ಕೆಲವು ಆ್ಯಪ್‌ಗಳು ಅವರ ಕಾಲನ್ನು ಅಳೆಯತೊಡಗುತ್ತವೆ. ಆದ್ದರಿಂದ ಅವರು ಚೌಕಟ್ಟಿನ ಹೊರಗೆ, ಆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಇರಲಿ.

ಕಟ್ಟಿಕೊಳ್ಳುವ ಸೆನ್ಸರ್‌ಗಳಿಗೆ ಬಟ್ಟೆಯ, ಬೆಳಕಿನ ತೊಂದರೆ ಇಲ್ಲ. ಆದರೆ ಮಂಡಿಯ ಕೋನ ಸಿಗಬೇಕಾದರೆ ತೊಡೆಗೆ ಒಂದು, ಕಣಕಾಲಿಗೆ ಒಂದು ಎಂದು ಎರಡು ಬೇಕು. ಕಣಕಾಲಿಗೆ ಮಾತ್ರ ಕಟ್ಟುವ ಸಾಧನವು ಕಣಕಾಲಿನ ಓರೆಯನ್ನು ಹೇಳುತ್ತದೆಯೇ ಹೊರತು ಮಂಡಿಯನ್ನಲ್ಲ. ಪಟ್ಟಿ ಜಾರಿದರೆ ಅಂಕಿಯೂ ಜಾರುತ್ತದೆ. ಇನ್ನೊಂದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ: ದಿಕ್ಕನ್ನು ತಿಳಿಯಲು ಭೂಮಿಯ ಕಾಂತಕ್ಷೇತ್ರವನ್ನು ಬಳಸುವ ಸೆನ್ಸರ್‌ಗಳು ಕಬ್ಬಿಣದ ಮಂಚದ ಹತ್ತಿರ ದಾರಿ ತಪ್ಪುತ್ತವೆ. ನಿಮ್ಮ ಮನೆಯಲ್ಲಿರುವುದು ಮರದ ಮಂಚವಾಗಿದ್ದರೆ ಚಿಂತೆಯಿಲ್ಲ. ಒಟ್ಟಾರೆ, ಮನೆಯಲ್ಲಿ ತೆಗೆದ ಎರಡು ಅಳತೆಗಳ ನಡುವೆ ಐದಾರು ಡಿಗ್ರಿ ವ್ಯತ್ಯಾಸ ಬಂದರೆ ಅದನ್ನು ಪ್ರಗತಿ ಅಥವಾ ಹಿನ್ನಡೆ ಎಂದು ಓದಬೇಡಿ, ಉಪಕರಣದ ಅಲುಗಾಟವೇ ಅಷ್ಟಿರಬಹುದು.

ಕರೆಂಟಿನ ತೊಂದರೆಗೆ ನನ್ನ ಸಲಹೆ, ನೇರ ವಿಡಿಯೊ ಕಾಲನ್ನೇ ನೆಚ್ಚಿಕೊಳ್ಳಬೇಡಿ. ಪ್ರತಿಯೊಂದು ವ್ಯಾಯಾಮದ ಅರ್ಧ ನಿಮಿಷದ ವಿಡಿಯೊ ತೆಗೆದಿಟ್ಟು, ಸಿಗ್ನಲ್ ಬಂದಾಗ ಫಿಸಿಯೋಥೆರಪಿಸ್ಟರಿಗೆ ಕಳಿಸಿದರೆ ಸಾಕು. ಅವರಿಗೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡುವ ಅನುಕೂಲ ಇರುತ್ತದೆ, ಸೊಂಟ ಏಳುವುದು ಹಾಗೆ ನೋಡಿದಾಗಲೇ ಸ್ಪಷ್ಟವಾಗುವುದು. ಆ್ಯಪ್ ಬಳಸುವುದಾದರೆ, ಲೆಕ್ಕವನ್ನೆಲ್ಲ ಫೋನಿನೊಳಗೇ ಮಾಡಿ ಅಂಕಿಗಳನ್ನು ಮಾತ್ರ ಹೊರಗೆ ಕಳಿಸುವಂಥದ್ದನ್ನು ಆರಿಸಿ. ವಿಡಿಯೊವನ್ನೇ ಕಂಪನಿಯ ಸರ್ವರ್‌ಗೆ ಕಳಿಸುವುದಾದರೆ ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಅಳಿಸಲು ಕೇಳಬಹುದೇ ಎಂದು ಮೊದಲೇ ವಿಚಾರಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮುಖ್ಯವಾಗಿ ಒಪ್ಪಿಗೆಯ ಆಧಾರದ ಮೇಲೆ ನಿಂತಿದೆ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕನ್ನೂ ಅದರಲ್ಲಿ ಹೇಳಲಾಗಿದೆ. ಆ ಒಪ್ಪಿಗೆಯನ್ನು ನೀಡಬೇಕಾದವರು ನಿಮ್ಮ ತಾಯಿಯವರು. ನೀವು ಅವರ ಪರವಾಗಿ ಪರದೆಯ ಮೇಲಿನ ಗುಂಡಿಯನ್ನು ಒತ್ತಿಬಿಡುವುದು ಸರಿಯಲ್ಲ.

ಉತ್ತರ 3: ನಿವೃತ್ತ ಶಿಕ್ಷಕ, ಧಾರವಾಡ

ಮಗಳೇ, ನಾನು ಈ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿ ಕುಳಿತವನು. ಪಾರ್ಶ್ವವಾಯುವಾಗಿ ಎಡಗೈಯ ಬಲ ಕುಂದಿದ ಮೇಲೆ, ಆಸ್ಪತ್ರೆಯಿಂದ ಮನೆಗೆ ಬಂದು ಬಹಳ ಕಾಲ ಟ್ಯಾಬ್ಲೆಟ್ ಮುಂದೆ ಕುಳಿತೇ ವ್ಯಾಯಾಮ ಮಾಡಿದ್ದೇನೆ. ಬಟ್ಟೆಗೆ ಹಾಕುವ ಕ್ಲಿಪ್‌ಗಳನ್ನು ತೆಗೆದು ಲೋಟದ ಅಂಚಿಗೆ ಸಿಕ್ಕಿಸುವುದು, ಕಡಲೆಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುವುದು, ಇಂಥವು. ಅಮೆರಿಕದಲ್ಲಿ ಪಾರ್ಶ್ವವಾಯುವಿನಿಂದ ಕೈ ದುರ್ಬಲವಾದ 124 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನನ್ನ ಫಿಸಿಯೋಥೆರಪಿಸ್ಟ್ ತೋರಿಸಿದ್ದರು. ಮನೆಯಲ್ಲಿ ದೂರದ ಮಾರ್ಗದರ್ಶನದಿಂದ ಮಾಡಿದವರ ಕೈ, ಚಿಕಿತ್ಸಾಲಯಕ್ಕೆ ಹೋಗಿ ಮಾಡಿದವರ ಕೈಯಷ್ಟೇ ಸುಧಾರಿಸಿತ್ತು ಎಂಬುದು ನನಗೆ ಧೈರ್ಯ ಕೊಟ್ಟಿತು.

ನಿಮ್ಮ ತಾಯಿಯವರ ಮುಜುಗರದ ಬಗ್ಗೆ ಹೇಳಬೇಕೆಂದೇ ಬರೆಯುತ್ತಿದ್ದೇನೆ. ವಯಸ್ಸಾದವರಿಗೆ ಕ್ಯಾಮೆರಾಕ್ಕಿಂತ ಹೆಚ್ಚು ಭಾರವಾಗುವುದು, ಅದರಲ್ಲಿ ಕಂಡದ್ದನ್ನು ಯಾರು ಯಾರು ಮಾತಾಡಿಕೊಳ್ಳುತ್ತಾರೆ ಎಂಬ ಯೋಚನೆ. ಮೊದಲಿಗೆ ನಾನು ಒಂದು ದಿನ ಮಾಡದಿದ್ದರೆ ಸಾಕು, ಮಗನ ಫೋನಿಗೆ ಕೆಂಪು ಗುರುತು ಹೋಗುತ್ತಿತ್ತು, ಕೂಡಲೇ ಅವನ ಕರೆ ಬರುತ್ತಿತ್ತು. ಅವನದು ಅಕ್ಕರೆಯೇ. ಆದರೆ ನಲವತ್ತು ವರ್ಷದ ಮಗನಿಗೆ ನಾನು ಹಾಜರಿ ಒಪ್ಪಿಸಬೇಕಾದ ಸ್ಥಿತಿ ನನಗೆ ಸಹಿಸಲಾಗಲಿಲ್ಲ. ಕೊನೆಗೆ ನಾವು ಒಪ್ಪಂದ ಮಾಡಿಕೊಂಡೆವು. ದಿನನಿತ್ಯದ ವಿವರ ಫಿಸಿಯೋಥೆರಪಿಸ್ಟರಿಗೆ ಮಾತ್ರ ಹೋಗುವುದು, ಮಗನಿಗೆ ವಾರದ ಕೊನೆಯಲ್ಲಿ ನಾನೇ ತೋರಿಸುವುದು. ಅಂದಿನಿಂದ ತೋರಿಸುವುದೇ ನನಗೆ ಖುಷಿಯಾಯಿತು. ಮಾಡದ ದಿನಕ್ಕೆ ಕಾರಣ ಬರೆಯಲು ಒಂದು ಜಾಗವಿರಲಿ ಎಂದು ಕೇಳಿಕೊಂಡೆ, ಏಕೆಂದರೆ ನಿದ್ದೆ ಬಾರದ ರಾತ್ರಿಯ ಮರುದಿನದ ದಣಿವಿಗೂ ಸೋಮಾರಿತನಕ್ಕೂ ವ್ಯತ್ಯಾಸವಿದೆ, ಯಂತ್ರಕ್ಕೆ ಎರಡೂ ಖಾಲಿ ದಿನವೇ.

ಇನ್ನೊಂದು ಸಣ್ಣ ವಿಷಯ. ಆ್ಯಪ್‌ನ ಧ್ವನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಅದನ್ನು ಮುಚ್ಚಿಬಿಡಿ. ಮನೆಗೆ ಬರುವ ಫಿಸಿಯೋಥೆರಪಿಸ್ಟರ ಮಾತನ್ನೇ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ: "ತೊಡೆ ಬಿಗಿ ಹಿಡೀರಿ, ಐದರವರೆಗೆ ಎಣಿಸಿ, ಈಗ ಬಿಡಿ." ನನ್ನ ಕೈಗೆ ಮಾಡಿಕೊಂಡಿದ್ದ ಅಂಥ ಧ್ವನಿಮುದ್ರಣವನ್ನು ಮಡದಿ ಹಾಕಿದರೆ ನನ್ನ ಕೈ ತಾನಾಗಿ ಏಳುತ್ತಿತ್ತು. ಮತ್ತು ನಿಂತು ಮಾಡುವ ಸಮತೋಲನದ ವ್ಯಾಯಾಮಗಳನ್ನು ಯಾವ ಕ್ಯಾಮೆರಾವನ್ನೂ ನಂಬಿ ಒಬ್ಬರೇ ಮಾಡಲು ಬಿಡಬೇಡಿ. ಬೀಳುವವರನ್ನು ಅದು ನೋಡಬಲ್ಲದು, ಹಿಡಿಯಲಾರದು. ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಒಂದು ಗಟ್ಟಿ ಕುರ್ಚಿಯನ್ನು ಇಟ್ಟುಕೊಂಡು ಮಾಡಲಿ.

ಸಾಗರದ ಮಗಳು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಧಾರವಾಡದ ಹಿರಿಯರ ಮಾತನ್ನು ಎರಡು ಸಲ ಓದಿಸಿಕೊಂಡರು. ಸೆನ್ಸರ್ ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇವೆ. ಸೋಮವಾರ ಮತ್ತು ಗುರುವಾರ ಅಪ್ಪ ವಿಡಿಯೊ ತೆಗೆದು ಸಾಗರದ ಫಿಸಿಯೋಥೆರಪಿಸ್ಟರಿಗೆ ಕಳಿಸುತ್ತಾರೆ, ಅದಕ್ಕೆ ಪ್ರತ್ಯೇಕ ಶುಲ್ಕ ಕೊಡುವುದಾಗಿ ಹೇಳಿದ ಮೇಲೆ ಅವರೂ ಒಪ್ಪಿದ್ದಾರೆ. ನನಗೆ ಕಳಿಸುವುದೋ ಬೇಡವೋ ಎಂಬುದು ಅಮ್ಮನ ಇಷ್ಟ. ಮಂಚ ಕಬ್ಬಿಣದ್ದೇ ಎಂಬುದನ್ನೂ ತಿಳಿಸುತ್ತೇನೆ. ಮಂಡಿಯ ಹಿಂದೆ ಕೈ ಇಟ್ಟು ನೋಡಿದಾಗ ಅಂಗೈ ಸುಲಭವಾಗಿ ತೂರಿತು ಎಂದು ಅಪ್ಪ ಹೇಳಿದರು. ದಿಂಬನ್ನು ಅಂದೇ ತೆಗೆಸಿದ್ದೇವೆ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಹೀಗೆ ಗಮನಿಸುವುದನ್ನು ಎಲ್ಲಿಯವರೆಗೆ ಮುಂದುವರಿಸಬೇಕು?

ಉತ್ತರ 1ರ ಫಿಸಿಯೋಥೆರಪಿಸ್ಟ್, ಮೈಸೂರು

ಅಂಗೈ ಸುಲಭವಾಗಿ ತೂರುತ್ತದೆ ಎಂಬ ಸಂಗತಿಯನ್ನು ಮುಂದಿನ ಭೇಟಿಯವರೆಗೆ ಕಾಯದೆ ಇಂದೇ ನಿಮ್ಮ ಫಿಸಿಯೋಥೆರಪಿಸ್ಟರಿಗೆ ತಿಳಿಸಿ. ಎರಡನೆಯ ತಿಂಗಳಿನಲ್ಲಿ ಇದನ್ನು ಸರಿಪಡಿಸುವುದು, ಆರನೆಯ ತಿಂಗಳಿನಲ್ಲಿ ಸರಿಪಡಿಸುವುದಕ್ಕಿಂತ ಬಹಳ ಸುಲಭ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಗಾಳಿಯಲ್ಲಿ ಬಿಡುವ ವ್ಯಾಯಾಮವನ್ನು ಎಷ್ಟು ಹೊತ್ತು, ಎಷ್ಟು ಸಲ ಮಾಡಬೇಕೆಂದು ಅವರನ್ನೇ ಕೇಳಿ.

ಕೋನದ ಮೇಲಿನ ನಿಗಾ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಡಿಮೆ ಮಾಡಬಹುದು, ಆದರೆ ತೊಡೆಯ ಬಲ ಮರಳಲು ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಆದ್ದರಿಂದ ಆ ಹಂತದಲ್ಲಿ ಅಳತೆಯನ್ನೇ ಬದಲಿಸಿ. ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು ಒಂದು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕಾಗುತ್ತದೆ ಎಂದು ನೋಡುವುದು ಇನ್ನೊಂದು. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯವನ್ನು ಗಮನದಲ್ಲಿಟ್ಟು ಸಮತೋಲನದ ವ್ಯಾಯಾಮ ಮುಂದುವರಿಸಬೇಕು. ತಿಂಗಳಿಗೊಮ್ಮೆ ತಂದೆಯವರು ಪಕ್ಕದಲ್ಲಿ ನಿಂತು ಫೋನಿನ ಗಡಿಯಾರದಲ್ಲಿ ನೋಡಿ ಬರೆದಿಟ್ಟರೆ ಸಾಕು. ಇವೆರಡನ್ನೂ ಮೊದಲ ಸಲ ಫಿಸಿಯೋಥೆರಪಿಸ್ಟರ ಎದುರಿಗೇ ಮಾಡಿಸಿ, ಎಡ ಮಂಡಿಯಲ್ಲಿಯೂ ನೋವಿದ್ದರೆ ಅದನ್ನು ಅದೇ ಹಾಳೆಯಲ್ಲಿ ನಮೂದಿಸಿ.